ಆರು ಗಂಟೆಯ ಪರದೆ

ಬಾ ಯುರ್ಗಿತಾ, ಬೂಟಿನ ಹಿಮ ಬಾಗಿಲಲ್ಲೇ ಕೊಡವು.
ಸ್ಕಾರ್ವಿಕಕ್ಕೆಲ್ಲ ಇರುವುದು ಇದೊಂದೇ ಅಂಗಡಿ,
ಇದರ ಗಲ್ಲಾದಲ್ಲಿ ಇಪ್ಪತ್ತಾರು ವರ್ಷದಿಂದ ಕೂತವಳು ನಾನು, ಗುನ್‌ವೋರ್.
ಹೇಳಿದ್ದು ಕೇಳಿಸಿಕೋ, ಬರೆದುಕೊಳ್ಳಬೇಡ,
ಬರೆದುಕೊಂಡವರು ಚೀಟಿ ಮನೆಯಲ್ಲೇ ಬಿಟ್ಟು ಬರುತ್ತಾರೆ.

ಮಂಗಳವಾರ ಬ್ರೆಡ್ಡು ಕೊಳ್ಳಬೇಡ, ದೋಣಿ ಬರುವುದು ಬುಧವಾರ.
ಟೊಮೇಟೊ ನೋಡಿ ನಿಟ್ಟುಸಿರು ಬಿಡಬೇಡ,
ಅದು ನಿನಗಿಂತ ದೂರದಿಂದ ಬಂದದ್ದು, ನಿನಗಿಂತ ದಣಿದದ್ದು.
ಮೀನನ್ನೂ ಇಲ್ಲೇ ಕೊಂಡರೆ ನಾನೇ ನಕ್ಕುಬಿಡುತ್ತೇನೆ.
ಬಕೆಟ್ಟು ಹಿಡಿದು ಧಕ್ಕೆಗೆ ಹೋಗು, ನೀಲಿ ದೋಣಿಯ ಹತ್ತಿರ ನಿಂತುಕೋ,
ಬೆಲೆ ಕೇಳಬೇಡ, ಗಾಳಿ ಹೇಗಿತ್ತು ಅಂತ ಕೇಳು.
ಕಾಡ್ ಮೀನಿನ ನಾಲಿಗೆ ಮಾತ್ರ ಮಕ್ಕಳ ಹತ್ತಿರ.
ಹತ್ತು ವರ್ಷದ ಪೋರಿ, ಕೈಯಲ್ಲಿ ಚಾಕು, ಮೂಗಲ್ಲಿ ಸಿಂಬಳ,
ಅವಳ ಹತ್ತಿರ ಚೌಕಾಸಿ ಮಾಡಿದೆಯೋ, ಊರು ನಿನ್ನನ್ನು ಜಿಪುಣಿ ಅನ್ನುತ್ತದೆ.
ಊರಿನ ನಾಲಿಗೆಯನ್ನು ಯಾರೂ ಕತ್ತರಿಸಿ ಮಾರುವುದಿಲ್ಲ.

ಊಟಕ್ಕೆ ಹೋಟೆಲು ಒಂದಿದೆ. ಎಂಟಕ್ಕೆ ಒಲೆ ಆರಿಸುತ್ತಾರೆ,
ಏಳೂಮುಕ್ಕಾಲಿಗೆ ಹೋದರೆ ಅಡುಗೆಯವನ ಮುಖವೇ ಊಟ.
ಬೇಸಿಗೆಯಲ್ಲಿ ಅಂಗಳಕ್ಕೆ ಮೇಜು ಹಾಕಿ ಸುತ್ತ ಹಗ್ಗ ಕಟ್ಟುತ್ತಾರೆ,
ಹಗ್ಗದ ಒಳಗೆ ಬಿಯರು ಕಾನೂನು, ಹೊರಗೆ ಅಪರಾಧ.
ಒಂದು ಸಲ ಗಾಳಿಗೆ ಹಗ್ಗ ಕಿತ್ತು ಹೋಯಿತು.
ಗ್ಲಾಸು ಹಿಡಿದ ಹದಿನಾಲ್ಕು ಜನ
ಬೇರೆ ಹಗ್ಗ ತರುವ ತನಕ ಮಿಸುಕದೆ ನಿಂತಿದ್ದರು,
ಫೋಟೋ ತೆಗೆಸಿಕೊಳ್ಳುವವರ ಹಾಗೆ.

ವೈನು, ಅದಕ್ಕಿಂತ ಖಾರದ್ದು ಬೇಕಾದರೆ
ಫ್ಯೋರ್ಡ್ ದಾಟಿ ಸರ್ಕಾರದ ಅಂಗಡಿಗೇ ಹೋಗಬೇಕು,
ಶನಿವಾರ ಮೂರಕ್ಕೆ ಅವರ ಬಾಗಿಲು, ಮೂರೂವರೆಗೆ ನಮ್ಮ ಬಸ್ಸು.
ನನ್ನಲ್ಲಿ ಇರುವುದು ಬಿಯರು. ವಾರದ ದಿನ ಎಂಟರ ತನಕ,
ಶನಿವಾರ ಆರು. ಭಾನುವಾರ ಮಾತೇ ಇಲ್ಲ.
ಆರಕ್ಕೆ ಆ ಫ್ರಿಜ್ಜಿಗೆ ಬೂದು ಪರದೆ ಎಳೆಯುತ್ತೇನೆ.
ಸಾಲಿನಲ್ಲಿ ನಿಂತಿದ್ದೆ ಅಂದರೆ ಲೆಕ್ಕವಿಲ್ಲ,
ಯಂತ್ರ ಕುಂಯ್ ಅನ್ನಬೇಕು, ಅದೇ ಲೆಕ್ಕ.
ಯಂತ್ರಕ್ಕೆ ದಾಕ್ಷಿಣ್ಯ ಕಲಿಸಿದವರಿಲ್ಲ.

ಹೋದ ಚಳಿಗಾಲಕ್ಕೆ ಹಿಂದಿನದು, ಅಂಥದೇ ಶನಿವಾರ.
ಓಡ್‌ಮುಂಡ್ ಶುಕ್ರವಾರ ಹೆಂಡತಿಯನ್ನು ಮಣ್ಣು ಮಾಡಿದ್ದ.
ಬಿರುಗಾಳಿಗೆ ತಡವಾದ ಅವಳ ತಮ್ಮಂದಿರು ಅಂದು ಇಳಿಯುವವರಿದ್ದರು.
ಆರು ಕ್ಯಾನು ಬೆಲ್ಟಿನ ಮೇಲಿಟ್ಟ. ಕೈಗವಸು ಬಿಚ್ಚಿದ,
ಕಾರ್ಡು ಒಳಜೇಬಲ್ಲಿ, ಒಳಜೇಬಿಗೆ ಗುಂಡಿ,
ಗುಂಡಿ ಬಿಚ್ಚುವಷ್ಟರಲ್ಲಿ ಆರು.
ಯಂತ್ರ ಒಪ್ಪಲಿಲ್ಲ. ಹಿಂದೆ ನಿಂತವರೆಲ್ಲ
ಚೂಯಿಂಗ್ ಗಮ್ಮಿನ ಬೆಲೆ ಓದುತ್ತಿದ್ದರು.
"ನಿಯಮ, ಓಡ್‌ಮುಂಡ್" ಅಂದೆ.
ನಾನೇ. ಈ ಬಾಯಿಂದಲೇ.
ಅವನು ಹೋಗಿ ಕ್ಯಾನುಗಳನ್ನು ಒಂದೊಂದಾಗಿ ಹಿಂದಕ್ಕಿಟ್ಟ,
ಹೆಸರು ಮುಂದೆ ಕಾಣುವ ಹಾಗೆ, ಬೊರ್ಗ್‌ಹಿಲ್ಡ್ ಡಬ್ಬಿ ಜೋಡಿಸುತ್ತಿದ್ದ ಹಾಗೆ.
"ಪರದೆ ಎಡಕ್ಕೆ ಸೊಟ್ಟ" ಅಂದು ಹೋದ.

ಮಾರುವುದಕ್ಕೆ ಲೈಸೆನ್ಸು ಬೇಕು. ಕೊಡುವುದಕ್ಕೆ?
ಅಂಗಡಿ ಮುಚ್ಚಿ ಮನೆಗೆ ಹೋದೆ.
ನನ್ನ ಫ್ರಿಜ್ಜಿನಲ್ಲಿ ನಾಲ್ಕು ಕ್ಯಾನು, ಅರ್ಧ ಬ್ರೌನ್ ಚೀಸು.
ಅವನ ಮೆಟ್ಟಿಲ ಮೇಲಿಟ್ಟು, ಬಾಗಿಲು ತಟ್ಟಿ,
ಹುಡುಗರ ಹಾಗೆ ಓಡಿ ಬಂದೆ, ಈ ಮಂಡಿ ಇಟ್ಟುಕೊಂಡು.

ಸೋಮವಾರ ಬೆಳಿಗ್ಗೆ ಖಾಲಿ ಕ್ಯಾನಿನ ಯಂತ್ರದ ಮುಂದೆ ಅವನೇ.
ನಾಲ್ಕು ಕ್ಯಾನು ನುಂಗಿಸಿ, ಠೇವಣಿ ಚೀಟಿ ಹರಿದುಕೊಂಡು
ನನ್ನ ಮುಂದಿಟ್ಟ. "ನಿನ್ನದು" ಅಂದ. ಅಷ್ಟೇ.
ಇನ್ನೂ ಇಲ್ಲಿದೆ ನೋಡು, ಚಿಲ್ಲರೆ ತಟ್ಟೆಯ ಕೆಳಗೆ,
ಅಕ್ಷರ ಅಳಿಸಿದೆ, ಈಗ ಯಾವ ಗಲ್ಲಾದಲ್ಲೂ ನಡೆಯುವುದಿಲ್ಲ.

ಅಯ್ಯೋ, ಮಾತು ಸಾಕು, ಆರಕ್ಕೆ ಎರಡೇ ನಿಮಿಷ.
ಬುಟ್ಟಿಯಲ್ಲಿ ಏನೇನಿದೆ? ಆಲೂಗಡ್ಡೆ ಆಮೇಲೆ ತೂಗೋಣ,
ಬಿಯರು ಮೊದಲು ಕೊಡು.